ನಲವತ್ತು ನಿಮಿಷ ಮೊದಲೇ ಮುಗಿದ ಮೌನ

ಕಳೆದ ಭಾನುವಾರ ಬೆಳಿಗ್ಗೆ ಕಾರಿನೊಳಗೆ ಕೂತು ಇನ್ಶೂರೆನ್ಸ್ ಕಾಗದ ಇದೆಯೇ ಎಂದು ನೋಡುತ್ತಿದ್ದೆ. ಕಾಗದ ಎಲ್ಲಿಗೂ ಹೋಗಿರಲಿಲ್ಲ. ವಾರಕ್ಕೊಮ್ಮೆ ಅದನ್ನು ಕಣ್ಣಾರೆ ಕಾಣದಿದ್ದರೆ ನನಗೆ ಸಮಾಧಾನವಿಲ್ಲ, ಅಷ್ಟೆ. ಕೈಜಾರಿ ಅದು ಸೀಟಿನ ಸಂದಿಗೆ ಬಿತ್ತು. ತೆಗೆಯಲು ಕೈ ತೂರಿಸಿದಾಗ ಅಂಗೈಯಲ್ಲಿ ಅಡಗುವಂಥ ಒಂದು ತಗಡಿನ ಡಬ್ಬಿ ಸಿಕ್ಕಿತು. ಮುಚ್ಚಳ ತಿರುಗಿಸಿದೆ. ಜೇನುಮೇಣ, ಅದರ ಹಿಂದೆ ತೆಳ್ಳಗೆ ಲವಂಗ... ಹಲ್ಲುನೋವಿನ ನೆನಪು ತರಬೇಕಾದ ವಾಸನೆ. ನನಗೆ ಮಾತ್ರ ಅದು ಒಂದು ಕೈಯ ನೆನಪು ತಂದಿತು. ತೆಳು ಚರ್ಮದ, ಗಂಟುಗಟ್ಟಿದ ಬೆರಳುಗಳ, ಒಂದು ದಿನ ನನ್ನ ಅಂಗೈಯೊಳಗೆ ಸಣ್ಣಗೆ ನಡುಗಿದ್ದ ಕೈ.

ಅದು ನಮ್ಮ ಎದುರುಮನೆ ಅಜ್ಜಿಯ ಕೈ. ಮಿಶಿಗನ್ನಿನ ರಾಚೆಸ್ಟರ್ ಹಿಲ್ಸ್‌ನ ನಮ್ಮ ಬಡಾವಣೆಗೆ ನಾವು ಬಂದಾಗಲೇ ಅವರಿಗೆ ಎಂಬತ್ತು ದಾಟಿತ್ತು. ಒಬ್ಬರೇ ಇದ್ದರು. ನಾಲ್ಕು ವರ್ಷ ನಮ್ಮ ನಡುವೆ ನಡೆದದ್ದೆಲ್ಲ ಕೈಬೀಸುವ ವ್ಯವಹಾರ. ಅವರು ಆ ಕಡೆಯಿಂದ, ನಾನು ಈ ಕಡೆಯಿಂದ. ಆದರೆ ಚಳಿಗಾಲದ ಭಾನುವಾರಗಳಲ್ಲಿ ಒಂಬತ್ತೂವರೆಗೆ ಅವರು ಕಾರಿನ ಗಾಜಿನ ಮೇಲಿನ ಐಸ್ ಕೆರೆದು ಎಲ್ಲಿಗೋ ಹೊರಡುವುದನ್ನು ಕಿಟಕಿಯಿಂದ ನೋಡುತ್ತಾ ನಿಂತರೆ ನನ್ನ ಕಾಫಿ ಆರಿಹೋಗುತ್ತಿತ್ತು. ಬೇರೆಯವರ ಟೈರುಗಳ ಬಗ್ಗೆಯೂ ಚಿಂತಿಸುವ ಜಾತಿಯವನು ನಾನು. ಒಂದು ಜನವರಿಯಲ್ಲಿ ನಾನು ಹೆದರಿದಂತೆಯೇ ಆಯಿತು: ಅವರ ಕಾರು ಹಿಂದಕ್ಕೆ ಜಾರಿ ಬಂದು ನಮ್ಮ ಅಂಚೆಪೆಟ್ಟಿಗೆಯನ್ನು ಒರಗಿಸಿತು. ಓಡಿಹೋಗಿ, ಮುಂದಿನ ವಾರದಿಂದ ನಾನೇ ಡ್ರಾಪ್ ಮಾಡುತ್ತೇನೆ ಎಂದೆ. ಅವರು ವಾಲಿದ ಪೆಟ್ಟಿಗೆಯನ್ನು ನೋಡಿದರು, ನನ್ನನ್ನು ನೋಡಿದರು.

"ಇದು ಪರೋಪಕಾರವೋ, ಆತ್ಮರಕ್ಷಣೆಯೋ?"

"ಎರಡೂ," ಎಂದೆ.

ಅವರು ಹೋಗುತ್ತಿದ್ದುದು ಕ್ವೇಕರರು ಎಂಬ ಕ್ರೈಸ್ತ ಪಂಥದವರ ಪ್ರಾರ್ಥನಾ ಮನೆಗೆ. ನಮ್ಮ ಮನೆಯಿಂದ ದಕ್ಷಿಣಕ್ಕೆ ಒಂಬತ್ತು ಮೈಲಿ. ಆ ಹೆಸರನ್ನು ನಾನು ಓಟ್ಸ್ ಡಬ್ಬಿಯ ಮೇಲೆ ಮಾತ್ರ ಕಂಡಿದ್ದೆ. ಮೊದಲ ಕೆಲವು ವಾರ ಅವರನ್ನು ಇಳಿಸಿ, ಒಂದು ಗಂಟೆ ಕಾರಿನಲ್ಲೇ ಕಾದೆ. ಹೊರಗೆ ಹನ್ನೆರಡು ಡಿಗ್ರಿ ಫ್ಯಾರನ್‌ಹೀಟ್. ಎಂಜಿನ್ ಆನ್ ಇಟ್ಟರೆ ವಿಷಾನಿಲದ ಭಯ, ಆ ಭಯಕ್ಕೆ ಕಿಟಕಿ ತೆರೆದರೆ ಚಳಿ. ಒಂದು ವಾರ ಅಜ್ಜಿಯೇ ಹೊರಗೆ ಬಂದು ಗಾಜು ತಟ್ಟಿದರು. "ಒಳಗೆ ಬಾ. ದೇವರು ಸಿಗುತ್ತಾನೋ ಇಲ್ಲವೋ, ಹೀಟರಂತೂ ಇದೆ."

"ಒಳಗೆ ನಾನೇನು ಮಾಡಬೇಕು?"

"ಕೂರಬೇಕು."

"ಆಮೇಲೆ?"

"ಕೂತೇ ಇರಬೇಕು."

ಚೌಕಾಕಾರದ ಕೋಣೆ. ಒಂದಕ್ಕೊಂದು ಎದುರಾಗಿ ಹಾಕಿದ ಮರದ ಬೆಂಚುಗಳು, ಮೂವತ್ತು ಜನ. ಪೀಠವಿಲ್ಲ, ಪಾದ್ರಿಯಿಲ್ಲ, ದೀಪವಿಲ್ಲ, ಹಾಡಿಲ್ಲ. ಹಿಂದಿನ ಗೋಡೆಗೆ ಒಂದು ಗಡಿಯಾರ. ಎಲ್ಲರೂ ಸುಮ್ಮನೆ ಕೂತಿದ್ದರು. ಇನ್ನೇನು ಶುರುವಾಗುತ್ತದೆ ಎಂದು ನಾನು ಕಾಲು ಗಂಟೆ ಕಾದೆ. ಆಮೇಲೆ ತಿಳಿಯಿತು, ಶುರುವಾಗಿ ಆಗಲೇ ಕಾಲು ಗಂಟೆಯಾಗಿದೆ. ನಮ್ಮ ದೇವಸ್ಥಾನದಲ್ಲಿ ನಿಶ್ಶಬ್ದವಾಗಿರಿ ಎಂಬುದನ್ನೂ ಮೈಕಿನಲ್ಲಿ ಹೇಳುತ್ತಾರೆ, ಅದೂ ಮೂರು ಭಾಷೆಯಲ್ಲಿ. ಇಲ್ಲಿ ಯಾರೂ ಹೇಳಿರಲಿಲ್ಲ. ಆದರೂ ಯಾರದೋ ಹೊಟ್ಟೆ ಗುರುಗುಟ್ಟಿದ್ದು ಕೇಳುತ್ತಿತ್ತು. ಅದು ನನ್ನದೇ ಇರಬಹುದೆಂದು ಕಂಗಾಲಾದೆ.

ಅವರದು ಒಂದೇ ಪದ್ಧತಿ. ಮೌನದಲ್ಲಿ ಕೂತಾಗ ಯಾರಿಗಾದರೂ ಒಳಗಿನಿಂದ ಒಂದು ಮಾತು ತಡೆಯಲಾಗದಂತೆ ಎದ್ದುಬಂದರೆ ಅವರು ಎದ್ದು ನಿಂತು ಹೇಳಬಹುದು. ಹೇಳಿ ಕೂರಬೇಕು. ಯಾರೂ ಉತ್ತರಿಸುವುದಿಲ್ಲ. ಮೊದಲ ದಿನ ಒಬ್ಬ ಗಡ್ಡದ ಹಿರಿಯರು, ಕಾರಿನ ಕಾರ್ಖಾನೆಯಲ್ಲಿ ಅಚ್ಚು ಕೆತ್ತಿ ನಿವೃತ್ತರಾದವರು, ಎದ್ದು ನಿಂತು ತಮ್ಮ ಹಿತ್ತಲಿಗೆ ಬರುವ ಗುಬ್ಬಿಗಳ ಬಗ್ಗೆ ಮೂರು ವಾಕ್ಯ ಹೇಳಿ ಕೂತರು. ನೀತಿಗಾಗಿ ಕಾದೆ. ನೀತಿ ಬರಲಿಲ್ಲ. ಮನೆಗೆ ಬರುವಾಗ, "ಗುಬ್ಬಿ ಎಂದರೆ ಆತ್ಮವೇ?" ಎಂದು ಅಜ್ಜಿಯನ್ನು ಕೇಳಿದೆ. "ಗುಬ್ಬಿ ಎಂದರೆ ಗುಬ್ಬಿ ಅಂತಲೇ ನಾನು ತಿಳಿದಿದ್ದೆ," ಎಂದರು.

ನನ್ನ ತಲೆಯ ವಿಷಯ ಹೇಳುವುದಾದರೆ, ಅದು ಪರೀಕ್ಷೆಯ ಹಿಂದಿನ ದಿನದ ಝೆರಾಕ್ಸ್ ಅಂಗಡಿಯಂತಿತ್ತು. ಗರಾಜಿನ ಬಾಗಿಲು, ಕೊಲೆಸ್ಟರಾಲು, ಮಗಳ ಎಸ್‌ಎಟಿ ಪರೀಕ್ಷೆ, ಸ್ಟರ್ಲಿಂಗ್ ಹೈಟ್ಸ್‌ನ ಆಫೀಸಿನಲ್ಲಿ ಬಾಸ್ ಶುಕ್ರವಾರ ನಕ್ಕ ರೀತಿ... ಎಲ್ಲವೂ ಒಟ್ಟಿಗೆ ಕೌಂಟರಿನ ಮೇಲೆ ಕೈಯೂರಿ ನಿಂತು, ನನ್ನದು ಮೊದಲು, ನನ್ನದು ಮೊದಲು ಎನ್ನುತ್ತಿದ್ದವು.

ಹೀಗೆ ಒಳಗೆ ಕೂರತೊಡಗಿದ ಮೂರನೆಯ ಭಾನುವಾರ ಆ ತಪ್ಪು ನಡೆಯಿತು.

ಮೌನ ಶುರುವಾಗಿ ಇಪ್ಪತ್ತು ನಿಮಿಷವಾಗಿತ್ತು. ನಾನು ಅಜ್ಜಿಯ ಪಕ್ಕದಲ್ಲೇ ಕೂತಿದ್ದೆ. ಥಟ್ಟನೆ ಕುಕ್ಕರು ನೆನಪಾಯಿತು. ಹೊರಡುವ ಮುನ್ನ ಬೇಳೆ ಹಾಕಿದ್ದೆ. ಸ್ಟೌ ಆಫ್ ಮಾಡಿದೆನೇ? ಮಗಳನ್ನು ಡ್ಯಾನ್ಸ್ ಕ್ಲಾಸಿಗೆ ಕರೆದುಕೊಂಡು ಹೆಂಡತಿ ನೊವೈಗೆ ಹೋಗಿದ್ದಳು. ಖಾಲಿ ಮನೆ. ನೀರಾರಿದ ಕುಕ್ಕರು. ಕಣ್ಣಮುಂದೆ ಅಗ್ನಿಶಾಮಕದ ಕೆಂಪು ಗಾಡಿ ನಮ್ಮ ವಾಲಿದ ಅಂಚೆಪೆಟ್ಟಿಗೆಯ ಪಕ್ಕ ಬಂದು ನಿಂತಿತು.

ಎದ್ದು ಓಡಬೇಕು. ಆದರೆ ಹಿರಿಯರ ಪಕ್ಕದಿಂದ ಹೇಳದೆ ಏಳುವುದು ಹೇಗೆ? ನಾನು ಬೆಳೆದ ಗದಗಿನ ಮನೆಯಲ್ಲಿ ಅಂಗಡಿಗೆ ಹೋಗುವುದಿದ್ದರೂ 'ಬರ್ತೀನ್ರೀ' ಎಂದೇ ಹೊಸ್ತಿಲು ದಾಟಬೇಕು. ಸಾವಿನ ಮನೆಯಿಂದ ಮಾತ್ರ ಹೇಳದೆ ಎದ್ದು ಬರುವುದು. ಇಲ್ಲಿ ಬಾಯಿ ಬಿಡುವಂತಿಲ್ಲ. ಹಾಗಾಗಿ ನನ್ನ ಬುದ್ಧಿಗೆ ಹೊಳೆದ ಅತ್ಯಂತ ಸಭ್ಯ ಉಪಾಯ ಮಾಡಿದೆ. ಅಜ್ಜಿಯ ಕಡೆ ತಿರುಗಿ, ಅವರ ಬಲಗೈಯನ್ನು ಮೆಲ್ಲಗೆ ತೆಗೆದುಕೊಂಡು, ಒಮ್ಮೆ ಕುಲುಕಿದೆ.

ಆ ಕೈ ನಡುಗುತ್ತಿತ್ತು. ಪಾಪ, ಚಳಿ ಎಂದುಕೊಂಡೆ.

ಮರುಕ್ಷಣ ಇಡೀ ಕೋಣೆ ಎಚ್ಚೆತ್ತಿತು. ಎದುರು ಬೆಂಚಿನವರು ಪಕ್ಕದವರ ಕೈ ಕುಲುಕಿದರು, ಅವರು ಅವರ ಪಕ್ಕದವರದು. ಮೂವತ್ತು ಜನ ಮುಗುಳ್ನಗುತ್ತಾ, "ಗುಡ್ ಮಾರ್ನಿಂಗ್, ಫ್ರೆಂಡ್ಸ್" ಎನ್ನತೊಡಗಿದರು. ಹಿಂದಿನ ಎರಡು ವಾರ ಕೊನೆಯಲ್ಲಿ ಇದನ್ನು ಕಂಡು ಬರೀ ಶಿಷ್ಟಾಚಾರ ಎಂದುಕೊಂಡಿದ್ದೆ. ನನಗೆ ಗೊತ್ತಿಲ್ಲದಿದ್ದ ಸಂಗತಿ ಏನೆಂದರೆ, ಅವರ ಪ್ರಾರ್ಥನೆಗೆ ಇರುವ ಮುಕ್ತಾಯವೇ ಅದು. ಮುಗಿಸುವ ಕೆಲಸವನ್ನು ಪ್ರತಿ ತಿಂಗಳು ಒಬ್ಬರಿಗೆ ಒಪ್ಪಿಸಿರುತ್ತಾರೆ. ಗಂಟೆ ತುಂಬಿದಾಗ ಅವರು ಪಕ್ಕದವರ ಕೈ ಕುಲುಕಿದರೆ ಮೌನ ಮುಗಿದಂತೆ. ಆ ತಿಂಗಳು ಆ ಕೆಲಸ ಅಜ್ಜಿಯದಾಗಿತ್ತು. ಅವರ ಕೈ ಕುಲುಕಿತು. ಯಾರು ಕುಲುಕಿದ್ದೆಂದು ಯಾರೂ ನೋಡಲಿಲ್ಲ. ಗಡ್ಡದ ಹಿರಿಯರು ಗಡಿಯಾರದತ್ತ ಕತ್ತೆತ್ತಿ, ಮತ್ತೆ ನಮ್ಮನ್ನು ನೋಡಿ, "ಇವತ್ತು ದೇವರಿಗೂ ಬೇರೆ ಕೆಲಸ ಇತ್ತೇನೋ," ಎಂದರು.

ನಾನು ಕ್ಷಮೆ ಕೇಳಲೂ ನಿಲ್ಲದೆ ಓಡಿದೆ. ಜೀವಮಾನದಲ್ಲಿ ಮೊದಲ ಬಾರಿ ಸ್ಪೀಡ್ ಲಿಮಿಟ್ ಮೀರಿ ಮನೆ ಮುಟ್ಟಿದರೆ, ಕುಕ್ಕರು ಸ್ಟೌ ಮೇಲೆಯೇ ಇರಲಿಲ್ಲ. ಬೇಳೆ ನೀರಿನಲ್ಲಿ ನೆನೆಯುತ್ತಾ ಕಟ್ಟೆಯ ಮೇಲೆ ತಣ್ಣಗೆ ಕೂತಿತ್ತು. ಅದೂ ಒಂದು ರೀತಿ ಕ್ವೇಕರೇ. ಆಗ ನೆನಪಾಯಿತು, ಅಜ್ಜಿಯನ್ನು ಅಲ್ಲೇ ಬಿಟ್ಟು ಬಂದಿದ್ದೇನೆ. ಮತ್ತೆ ಒಂಬತ್ತು ಮೈಲಿ.

ಉಳಿದವರು ಪಕ್ಕದ ಕೋಣೆಯಲ್ಲಿ ಕಾಫಿ ಕುಡಿಯುತ್ತಿದ್ದರು. ಅಜ್ಜಿ ಮಾತ್ರ ಖಾಲಿ ಬೆಂಚುಗಳ ನಡುವೆ ಅದೇ ಜಾಗದಲ್ಲಿ ಕಣ್ಣುಮುಚ್ಚಿ ಕೂತಿದ್ದರು. ನಾನು ಉಸಿರು ಬಿಗಿಹಿಡಿದು ಪಕ್ಕದಲ್ಲಿ ಕೂತೆ. ಸ್ವಲ್ಪ ಹೊತ್ತಿಗೆ ಅವರು ಕಣ್ಣು ತೆರೆದು ಗಡಿಯಾರ ನೋಡಿದರು. ಗಂಟೆ ತುಂಬಿತ್ತು. ನನ್ನ ಕಡೆ ಕೈ ಚಾಚಿದರು.

"ಈಗ ಮುಗಿಯಿತು," ಎಂದರು.

ಕೈ ನಡುಗುತ್ತಿರಲಿಲ್ಲ.

ಮನೆಯಲ್ಲಿ ಈ ಕಥೆ ಹೇಳಿದಾಗ ಮಗಳು ಕಣ್ಣರಳಿಸಿ, "ಅಪ್ಪಾ, ಯು ಬ್ರೋಕ್ ಚರ್ಚ್?" ಎಂದಳು. ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕವಳು ಅರ್ಧ ಗಂಟೆ ನಿಲ್ಲಿಸಲಿಲ್ಲ. ನನಗೂ ಅದು ನಗುವ ಕಥೆಯಾಗಿಯೇ ಉಳಿಯುತ್ತಿತ್ತೇನೋ. ಆದರೆ ಮುಂದಿನ ವಾರ ಗಡ್ಡದ ಹಿರಿಯರು ಕಾಫಿ ಕೈಗಿಡುತ್ತಾ, ಆಕ್ಷೇಪಣೆಯ ದನಿಯೇ ಇಲ್ಲದೆ ಹೇಳಿದರು: "ಅವರು ಅವತ್ತು ಏಳುವವರಿದ್ದರು. ನಾನು ನೋಡುತ್ತಿದ್ದೆ. ಪಾದ ಎರಡೂ ನೆಲಕ್ಕೆ ಒತ್ತಿದ್ದರು, ಕೈ ನಡುಗುತ್ತಿತ್ತು. ಮಾತು ಬರುವ ಮುಂಚೆ ನಮಗೆ ಹಾಗೆ ಆಗುತ್ತದೆ. ಗಂಡ ಹೋದ ಮೇಲೆ ಹನ್ನೊಂದು ವರ್ಷದಿಂದ ಅವರು ಇಲ್ಲಿ ಒಂದು ಮಾತೂ ಆಡಿಲ್ಲ."

ಕಾಫಿ ತೆಳುವಾಗಿತ್ತು. ಅದನ್ನೂ ಕುಡಿಯದೆ ಲೋಟ ಕೆಳಗಿಟ್ಟೆ.

ಹನ್ನೊಂದು ವರ್ಷದಿಂದ ಒಳಗೇ ಇದ್ದ ಒಂದು ಮಾತು ಕೊನೆಗೂ ಬೆರಳ ತುದಿಯವರೆಗೆ ಬಂದಿತ್ತು. ನಾನು ಬೇಯದ ಬೇಳೆಯ ಚಿಂತೆಯಲ್ಲಿ ಆ ಬೆರಳನ್ನೇ ಹಿಡಿದು ಕುಲುಕಿ, ಬಾಗಿಲು ಹಾಕಿದ್ದೆ. ಅಂದು ಮನೆಗೆ ಬರುವಾಗ ಕಾರಿನಲ್ಲಿ ಕ್ಷಮೆ ಕೇಳಿದೆ. ಏನು ಹೇಳುವವರಿದ್ದಿರಿ, ಈಗಲಾದರೂ ಹೇಳಿ ಎಂದು ಅಂಗಲಾಚಿದೆ.

"ಅದೇನು ನೀನು ಕೊಡುವ ಸಾಂಬಾರೇ," ಎಂದರು ಅಜ್ಜಿ, "ಫ್ರಿಜ್ಜಿನಲ್ಲಿಟ್ಟು ಮರುದಿನ ಬಿಸಿ ಮಾಡಿ ಬಡಿಸಲು?"

"ಮತ್ತೆ ಬಂದರೆ?"

"ಬಂದರೆ ಏಳುತ್ತೇನೆ. ನೀನು ಕೈ ಜೇಬಿನಲ್ಲಿಟ್ಟುಕೊಂಡಿರು."

ಆಮೇಲಿನ ಎರಡು ವರ್ಷ, ಡ್ರೈವರ್ ಕೆಲಸದ ನೆಪದಲ್ಲಿ ನಾನು ಒಂದು ಭಾನುವಾರವೂ ತಪ್ಪಿಸಲಿಲ್ಲ. ಭಕ್ತಿ ಎಂದರೆ ಸುಳ್ಳಾಗುತ್ತದೆ. ಕುತೂಹಲ. ಎರಡೂ ಕೈ ತೊಡೆಯಡಿ ಒತ್ತಿಕೊಂಡು, ಓರೆಗಣ್ಣಿನಿಂದ ಅವರ ಪಾದ ನೋಡುತ್ತಾ ಕೂರುತ್ತಿದ್ದೆ. ಒಮ್ಮೆ ಪಾದ ನೆಲಕ್ಕೆ ಒತ್ತಿತು, ಬೆನ್ನು ನೆಟ್ಟಗಾಯಿತು, ನನ್ನ ಎದೆ ಡವಗುಟ್ಟಿತು... ಅಜ್ಜಿ ದೊಡ್ಡದಾಗಿ ಸೀನಿ, ಮತ್ತೆ ಒರಗಿಕೊಂಡರು.

"ಅಲ್ಲ ರೀ," ಎನ್ನುತ್ತಿದ್ದಳು ಮೈಸೂರಿನವಳಾದ ನನ್ನ ಹೆಂಡತಿ, "ಸತ್ಯನಾರಾಯಣ ಪೂಜೆಗೆ ಅರ್ಧ ಗಂಟೆ ಕೂತ್ರೆ ಮಂಡಿನೋವು ಅಂತೀರ. ಅಲ್ಲಿ ಒಂದು ಗಂಟೆ ಗೊಂಬೆ ಥರ ಕೂತ್ಕೋತೀರಂತಲ್ಲ! ಪ್ರಸಾದಾನೂ ಇಲ್ಲ."

"ಕಾಫಿ ಕೊಡ್ತಾರ."

"ಆ ಕಾಫೀನ ನೀವೇ ಬೈತೀರ."

ಒಂದು ಸಲ ನನಗೇ ಎದೆಯೊಳಗೆ ಏನೋ ಏರಿ ಬಂದು, ಕಿವಿ ಬಿಸಿಯಾಗಿ, ಎದ್ದು ನಿಲ್ಲಬೇಕೆನಿಸಿತು. ಇದು ಮಾತೋ ಹಿಂದಿನ ದಿನದ ಮಿರ್ಚಿಯೋ ಎಂದು ತೀರ್ಮಾನಿಸುವಷ್ಟರಲ್ಲಿ ಗಂಟೆ ಮುಗಿದಿತ್ತು. ಹೇಗೆ ಗುರುತಿಸುವುದು ಎಂದು ಅಜ್ಜಿಯನ್ನು ಕೇಳಿದೆ. "ತಡೆಯಲು ನೋಡು. ತಡೆಯಲು ಆದರೆ ಅದಲ್ಲ," ಎಂದರು. ನನ್ನ ಚಿಂತೆಗಳನ್ನು ಎಂದಾದರೂ ತಡೆಯಲಾಗಿದೆಯೇ? ಹಾಗಿದ್ದರೆ ಅವೆಲ್ಲವೂ ದೈವವಾಣಿಯೇ? ಇದಕ್ಕೆ ಅವರು ರೇಡಿಯೊ ಹಾಕಿದರು. ಆದರೆ ಒಂದು ಮಾತು ಹೇಳಬೇಕು. ಆ ಬೆಂಚಿನ ಮೇಲೆ ನನ್ನ ಚಿಂತೆಗಳೇನೂ ಕರಗಲಿಲ್ಲ. ಕ್ರಮೇಣ ಅವು ಕೌಂಟರಿಗೆ ಮುಗಿಬೀಳುವುದನ್ನು ಬಿಟ್ಟು, ಒಂದೊಂದಾಗಿ ಬಂದು ನನ್ನ ಪಕ್ಕದಲ್ಲಿ ಕೂತವು. ಹತ್ತಿರದಿಂದ ನೋಡಿದರೆ ಅಷ್ಟೇನೂ ಕೆಟ್ಟ ಮುಖಗಳಲ್ಲ.

ಎರಡನೆಯ ಚಳಿಗಾಲದಲ್ಲಿ ಮೈಸೂರಿನಲ್ಲಿ ನನ್ನ ಅತ್ತೆ ತೀರಿಕೊಂಡರು. ಹೆಂಡತಿಯ ಪಾಸ್‌ಪೋರ್ಟು ರಿನ್ಯೂವಲ್‌ಗೆ ಹೋಗಿತ್ತು; ಅವಳು ಹೊರಡುವಂತಿರಲಿಲ್ಲ. ನಾನು ನನಗೆ ತಿಳಿದದ್ದನ್ನು ಮಾಡಿದೆ: ಫೋನು ಹಿಡಿದು ಬೇಸ್‌ಮೆಂಟಿಗೆ ಇಳಿದು, ಕಾನ್ಸುಲೇಟಿಗೆ, ಏಜೆಂಟಿಗೆ, ಭಾಮೈದನಿಗೆ, ಮತ್ತೆ ಕಾನ್ಸುಲೇಟಿಗೆ. ಮಧ್ಯಾಹ್ನ ಮೇಲೆ ಬಂದು ನೋಡಿದರೆ ಸೋಫಾದಲ್ಲಿ ಹೆಂಡತಿಯ ಪಕ್ಕ ಅಜ್ಜಿ ಕೂತಿದ್ದರು, ಕೋಟು ಕೂಡ ಬಿಚ್ಚದೆ. ಇಬ್ಬರೂ ಮಾತಾಡುತ್ತಿರಲಿಲ್ಲ. ನಾನು ಮತ್ತೆ ಕೆಳಗಿಳಿದೆ. ಮೂರು ಗಂಟೆಯ ನಂತರ ಅವರು ಎದ್ದು, ಎರಡು ಲೋಟ ತೊಳೆದಿಟ್ಟು, ಹಿಮದಲ್ಲಿ ರಸ್ತೆ ದಾಟಿ ಹೋದರು.

"ಏನಂದ್ರು?" ಎಂದು ಕೇಳಿದೆ.

"ಏನೂ ಇಲ್ಲ."

"ಮೂರು ತಾಸು?"

"ಹೂಂ," ಎಂದಳು. ಅವಳ ಕೈಯಿಂದ ಲವಂಗದ ವಾಸನೆ ಬರುತ್ತಿತ್ತು.

ಅದಾದ ಮೇಲೆ ಅವಳು ನನ್ನ ಭಾನುವಾರಗಳನ್ನು ಗೇಲಿ ಮಾಡುವುದನ್ನು ಬಿಟ್ಟಳು. ಕಾರಣ ಕೇಳಿದ್ದಕ್ಕೆ, "ಎಲ್ಲಾನೂ ಕೇಳ್ಬೇಕಾ ನಿಮಗೆ?" ಎಂದಳು.

ಮರುವರ್ಷ ಅಜ್ಜಿ ಮನೆ ಮಾರಿ ಶಿಕಾಗೋ ಬಳಿಯ ಓಕ್ ಪಾರ್ಕಿನಲ್ಲಿದ್ದ ತಂಗಿಯ ಮಗಳ ಹತ್ತಿರ ಹೋದರು. ಹೋಗುವ ದಿನ ಈ ತಗಡಿನ ಡಬ್ಬಿ ಕೊಟ್ಟರು. ಚಳಿಗೆ ಕೈ ಒಡೆಯದಿರಲೆಂದು ತಾವೇ ಒಲೆಯ ಮೇಲೆ ಕಾಯಿಸಿ ಮಾಡಿಕೊಳ್ಳುತ್ತಿದ್ದ ಮುಲಾಮು ಅದು. ಆಮೇಲೆ ಆಗಾಗ ಫೋನು ಮಾಡುತ್ತಿದ್ದರು. ಮಾತಿನ ಮಧ್ಯೆ ಇದ್ದಕ್ಕಿದ್ದಂತೆ ಸುಮ್ಮನಾಗುವರು. ನಾನು ಲೈನು ಕಟ್ಟಾಯಿತೆಂದು, "ಹಲೋ? ಹಲೋ?" ಎನ್ನುವೆ. "ಇಲ್ಲೇ ಇದ್ದೇನೆ," ಎನ್ನುವರು. ಅವರು ಮತ್ತೆ ಎಂದೂ ಪ್ರಾರ್ಥನೆಯಲ್ಲಿ ಎದ್ದು ನಿಲ್ಲಲಿಲ್ಲವಂತೆ. ನಾನು ಪ್ರತಿ ಸಲವೂ ಕೇಳುತ್ತಿದ್ದೆ.

ಹೋದ ಅಕ್ಟೋಬರಿನಲ್ಲಿ ಫೋನು ಮಾಡಿದ್ದು ತಂಗಿಯ ಮಗಳು. ಅಜ್ಜಿ ನಿದ್ದೆಯಲ್ಲೇ ಹೋಗಿದ್ದರು. ಶನಿವಾರ ಅವರ ನೆನಪಿನ ಪ್ರಾರ್ಥನೆ, ಅದೂ ಮೌನದಲ್ಲೇ. ತಮ್ಮ ಕಡೆಯ ಇಚ್ಛೆಗಳನ್ನು ಒಂದು ಹಾಳೆಯಲ್ಲಿ ಬರೆದಿಟ್ಟಿದ್ದರಂತೆ: ಹೂವು ಬೇಡ, ಭಾಷಣ ಬೇಡ. ಕೊನೆಯ ಸಾಲನ್ನು ಆಕೆ ಓದಿ ಹೇಳಿದಳು. "ಮುಗಿಸುವ ಕೆಲಸ ಮಿಶಿಗನ್ನಿನ ಎದುರುಮನೆಯವನಿಗೆ. ಅವನಿಗೆ ಅನುಭವವಿದೆ."

ನಗು ಬಂತು. ಆಮೇಲೆ ಬಹಳ ಹೊತ್ತು ಬೇರೇನೋ ಬಂತು.

ಮೂವರೂ ಹೊರಟೆವು, ಐದು ಗಂಟೆಯ ದಾರಿ. ನಾನೂ ಬರುತ್ತೇನೆಂದು ಹೆಂಡತಿ ತಾನಾಗಿಯೇ ಹೇಳಿದ್ದಳು. ಶಿಕಾಗೋದ ಗಡಿಯಾರ ನಮಗಿಂತ ಒಂದು ಗಂಟೆ ಹಿಂದಿದೆ ಎಂದು ಗೊತ್ತಿದ್ದೂ, ಎಲ್ಲಿ ತಡವಾದೀತೋ ಎಂಬ ಹೆದರಿಕೆಗೆ ಎರಡು ಗಂಟೆ ಮೊದಲೇ ತಲುಪಿ ಕಾರಿನಲ್ಲಿ ಉಪ್ಪಿಟ್ಟು ತಿಂದೆವು. ಹಳೆಯ ಮನೆಯೊಂದರ ದೊಡ್ಡ ಕೋಣೆ, ಐವತ್ತು ಜನ. ಬಾಗಿಲಲ್ಲಿ ತಂಗಿಯ ಮಗಳು ಕಿವಿಯಲ್ಲಿ, "ಗಡಿಯಾರ ನೋಡಬೇಕಿಲ್ಲ. ಸಾಕು ಅನ್ನಿಸಿದಾಗ ಪಕ್ಕದವರ ಕೈ ಕುಲುಕಿ," ಎಂದಳು.

ಮೌನ ಶುರುವಾಯಿತು. ನಡುನಡುವೆ ಒಬ್ಬೊಬ್ಬರು ಎದ್ದರು. ಅಜ್ಜಿ ತನಗೆ ಸೈಕಲ್ ಕಲಿಸಿದ್ದನ್ನು ಒಬ್ಬ ನರೆತ ಕೂದಲಿನವನು ಹೇಳಿದ. ಅವರು ತನ್ನ ಕೇಕನ್ನು ಎಂದೂ ಹೊಗಳದಿದ್ದುದನ್ನು ಒಬ್ಬಾಕೆ ಹೇಳಿದಳು. ನಾನು ಪ್ರತಿಯೊಬ್ಬರನ್ನೂ ಕಿವಿಗೊಟ್ಟು ಕೇಳಿದೆ; ಆ ದಿನ ಒಳಗೇ ಉಳಿದ ಮಾತು ಇವರಲ್ಲಿ ಯಾರ ಬಾಯಿಂದಲಾದರೂ ಹೊರಬೀಳಬಹುದು ಎಂಬ ಹುಚ್ಚು ಆಸೆ. ಬೀಳಲಿಲ್ಲ. ಗಂಟೆಯಾಯಿತು. ಗಂಟೆಯ ಮೇಲೆ ಕಾಲು ಗಂಟೆಯಾಯಿತು. ಬೆಂಚುಗಳು ಕಿರುಗುಟ್ಟತೊಡಗಿದವು. ಎಲ್ಲೋ ಒಂದು ಮಗು ಅತ್ತು ಸುಮ್ಮನಾಯಿತು. ಮಗಳು ಮೊಣಕೈಯಿಂದ ತಿವಿದು, "ಅಪ್ಪಾ," ಎಂದು ತುಟಿಯಲ್ಲೇ ಹೇಳಿದಳು.

ನನ್ನ ಕೈ ಏಳಲಿಲ್ಲ. ಸಾವಿನ ಮನೆಯಿಂದ ಹೇಳದೆ ಎದ್ದು ಬರಬೇಕೆಂಬ ನಮ್ಮ ಶಾಸ್ತ್ರ ಒಂದು ಕಡೆ. ಕೈ ಕುಲುಕಿ ಎಲ್ಲರನ್ನೂ ಕಳಿಸಿಕೊಡು ಎಂಬ ಅಜ್ಜಿಯ ಆಜ್ಞೆ ಇನ್ನೊಂದು ಕಡೆ. ಅದಕ್ಕಿಂತ ಮುಖ್ಯ, ನಾನು ಕೈ ಚಾಚುವವರೆಗೆ ಇದು ಮುಗಿಯುವುದಿಲ್ಲ, ಅಲ್ಲಿಯವರೆಗೆ ಅವರು ಪೂರ್ತಿ ಹೋದಂತೆಯೂ ಅಲ್ಲ... ನಲವತ್ತು ನಿಮಿಷ ಮೊದಲೇ ಮುಗಿಸಿದವನು ಆ ನಲವತ್ತನ್ನು ಇಲ್ಲಿ ಹಿಂತಿರುಗಿಸುತ್ತಾ ಕೂತಿದ್ದೆ.

ಕೊನೆಗೆ ಆ ಮಗು ಮತ್ತೆ ಅತ್ತಿತು. ನಾನು ಪಕ್ಕಕ್ಕೆ ತಿರುಗಿ ಹೆಂಡತಿಯ ಕೈ ತೆಗೆದುಕೊಂಡೆ. ಇಪ್ಪತ್ತೆರಡು ವರ್ಷದ ಸಂಸಾರದಲ್ಲಿ ಅವಳ ಕೈ ಕುಲುಕಿದ್ದು ಅದೇ ಮೊದಲು.

ಕೈ ನಡುಗುತ್ತಿತ್ತು.

ಸುತ್ತ ಐವತ್ತು ಜನ ಒಬ್ಬರಿಗೊಬ್ಬರು ಕೈ ಕೊಡುತ್ತಿದ್ದರು. ಅವಳು ನನ್ನನ್ನು ನೋಡಿದಳು. ಪಾದ ಎರಡೂ ಇನ್ನೂ ನೆಲಕ್ಕೆ ಒತ್ತಿಕೊಂಡಿದ್ದವು. "ಏನ್ರೀ ನೀವು," ಎಂದಳು ಮೆಲ್ಲಗೆ, ಕಣ್ಣು ತುಂಬಿಕೊಂಡು, "ಎದ್ದು ನಿಂತ್ಕೊಳೋದ್ರಲ್ಲಿದ್ದೆ ಕಣ್ರೀ ನಾನು."

ವಾಪಸು ಬರುವಾಗ ಇಂಡಿಯಾನಾ ದಾಟುವವರೆಗೆ ತಡೆದುಕೊಂಡೆ. ಆಮೇಲೆ ಆಗಲಿಲ್ಲ. "ಏನ್ ಹೇಳಬೇಕಂತ ಮಾಡಿದ್ದಿ?"

"ಡೋಂಟ್, ಅಪ್ಪಾ," ಎಂದಳು ಹಿಂದಿನ ಸೀಟಿನಿಂದ ಮಗಳು.

ಹೆಂಡತಿ ಕಿಟಕಿಯಾಚೆ ನೋಡುತ್ತಲೇ ಇದ್ದಳು. "ಸಾಂಬಾರಾ ಅದು, ಬಿಸಿ ಮಾಡಿ ಬಡ್ಸೋಕೆ?" ಎಂದಳು. ಅಳುತ್ತಿದ್ದಳೋ ನಗುತ್ತಿದ್ದಳೋ, ಸ್ಟಿಯರಿಂಗ್ ಹಿಡಿದವನಿಗೆ ಗೊತ್ತಾಗಲಿಲ್ಲ.

ಭಾನುವಾರ ಆ ಡಬ್ಬಿಯನ್ನು ಒಳಗೆ ತಂದು ಊಟದ ಮೇಜಿನ ಮೇಲಿಟ್ಟೆ. ತಳದಲ್ಲಿ ಉಗುರಿನಷ್ಟು ಉಳಿದಿತ್ತು. ಹೆಂಡತಿ ಮುಚ್ಚಳ ತೆಗೆದು ಮೂಸಿ, ಬೆರಳ ತುದಿಗೆ ಸ್ವಲ್ಪ ತಗೊಂಡು ಒಡೆದ ಗಿಣ್ಣುಗಳಿಗೆ ಸವರಿಕೊಂಡಳು. ನಾನು ಎದುರಿಗೆ ಕೂತೆ. ಕಿಟಕಿಯಾಚೆ ಎದುರುಮನೆಯ ಹೊಸಬರು ಯಂತ್ರ ಹಿಡಿದು ಹಿಮ ತಳ್ಳುತ್ತಿದ್ದರು. ಒಳ್ಳೆಯ ಜನ, ಕೈ ಬೀಸುತ್ತಾರೆ. ಆ ಗಾಜು ಕೆರೆಯುವ ಸದ್ದು ಇನ್ನು ಕೇಳುವುದಿಲ್ಲ. ಅಜ್ಜಿ ಹೇಳದೆ ಉಳಿಸಿದ ಮಾತು ನನಗೆ ಇನ್ನು ಸಿಗುವುದೂ ಇಲ್ಲ. ಇನ್ನೊಂದು ಮಾತು ಮೇಜಿನ ಆಚೆ, ಕೈಗೆ ಮುಲಾಮು ಸವರಿಕೊಳ್ಳುತ್ತಾ ಕೂತಿತ್ತು.

ಕೇಳಬೇಕೆನಿಸಿತು. ಎರಡೂ ಕೈಗಳನ್ನು ತೊಡೆಯಡಿ ಒತ್ತಿಕೊಂಡೆ. ಅವಳೂ ಏಳಲಿಲ್ಲ, ನಾನೂ ಏಳಲಿಲ್ಲ. ಸ್ಟೌ ಆಫ್ ಆಗಿದೆಯೇ ಎಂದು ಮಾತ್ರ, ಕೂತಲ್ಲಿಂದಲೇ ಒಮ್ಮೆ ನೋಡಿದೆ.